ಫೌಜದಾರ್ ಪಾರ್ಟಿನ ದುರ್ಗಪ್ಪ ಮಾಮಾ

ಸಿಂಧನೂರಿನಾಗ ಮೊಮ್ಮಗಳ ಸ್ಕೂಲಿನ ಗ್ಯಾದರಿಂಗಿಗೆ ಹೋಗಿದ್ದೆ. ಮಕ್ಕಳ ಮುಖದ ಬಣ್ಣದ ವಾಸನಿಗೆ ದುರ್ಗಪ್ಪ ಮಾಮಾ ನೆನಪಾದ. ನಮ್ಮೂರ ನಾಟಕದಾಗ ಅವನದು ಯಾವಾಗಲೂ ಸಣ್ಣ ಪಾರ್ಟು, ಪೊಲೀಸ್ ಫೌಜದಾರಂದು.

ಆಗ ಊರ ಹೋಟೆಲಿನಾಗ ನಮ್ಮ ಕೇರಿಯವರಿಗೆ ಚಾ ಹೊರಗೇ, ಬ್ಯಾರೆ ಕಪ್ಪಿನಾಗ. ಒಂದಿನ ಪರವೂರಿನ ನಾಟಕ ಮುಗಿಸಿ ಬರುವಾಗ ಮಾಮಾ ವೇಷದಾಗೇ, ಸಣ್ಣಾಕಿದ್ದ ನನ್ನ ಕರ್ಕೊಂಡು ಒಳಗ ಹೋಗಿ ಕುಂತ. "ಬರ್ರಿ ಸಾಹೇಬ್ರ" ಅಂತ ಮಾಲಕ ಗ್ಲಾಸಿನಾಗ ಚಾ ಇಟ್ಟ. ಸುಮ್ನ ಕುಡಿದು ಹೋಗೋಣಂತ ನಾ ಅವನ ಅಂಗಿ ಜಗ್ಗಿದೆ. ಅವ ಮೀಸಿ ಕಿತ್ತಿಟ್ಟು, "ನಾ ಕೇರಿ ದುರ್ಗಪ್ಪರೀ. ಈಗೂ ಕೊಡ್ತೀರೇನು?" ಅಂದ.

ಮಾಲಕ ಗ್ಲಾಸು ವಾಪಸ್ ಒಯ್ದ. ಮಾಮಾ ಮರುದಿನ ವೇಷ ಇಲ್ದ ಅದೇ ಬೆಂಚಿಗೆ ಬಂದ. ಗ್ಲಾಸು ಕೊಡೋತನಕ ದಿನಾ ಬಂದ.

ಸಾಲಿ ಅರ್ಧಕ್ಕ ಬಿಟ್ಟಾಕಿ ನಾ. ಯಾರೇನಂತಾರೋ ಅಂತ ಇವತ್ತಿಗೂ ನಾಕು ಮಂದ್ಯಾಗ ಹಿಂದ ಹಿಂದ ಸರೀತೀನಿ. ಆದ್ರೂ ಗ್ಯಾದರಿಂಗಿನಾಗ ಮುಂದಿನ ಸಾಲಿನಾಗೇ ಕುಂತಿದ್ದೆ, ಮಾಮಾನ ಪುಣ್ಯ.