ಡಬ್ಬಿಗೆ ನಾನೇ ಹಾಕಿದ ಚೀಟಿಗಳು

ಸುಮಂಗಲಾ, ನಾನು ನಿನಗೆ ಸುಳ್ಳು ಹೇಳಿದ್ದೆ. ಬರವಣಿಗೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ನಿನ್ನ ಕೈಯಿಂದ ಪೆನ್ನು ಕೆಳಗಿಡಿಸಿದ್ದು ಆ ಸುಳ್ಳೇ.

ದಿಲ್‌ಸುಖ್‌ನಗರದಲ್ಲಿ ನಾವು ಹತ್ತು-ಹನ್ನೆರಡು ಕನ್ನಡದ ಮನೆಯವರು ತಿಂಗಳಿಗೊಂದು ಭಾನುವಾರ ಸೇರುತ್ತಿದ್ದೆವಲ್ಲ— ಮಂಡಕ್ಕಿ ಸುಸಲಾ, ಚಹಾ ಮುಗಿದ ಮೇಲೆ ಡಬ್ಬಿಯಿಂದ ಒಂದು ಚೀಟಿ ಎತ್ತುವುದು, ಅದರಲ್ಲಿದ್ದ ವಿಷಯದ ಮೇಲೆ ಅರ್ಧ ಗಂಟೆ ಅಲ್ಲೇ ಕೂತು ಬರೆಯುವುದು, ಓದುವುದು. ನಾನು ಒಂದಕ್ಷರವನ್ನೂ ಹೊಡೆದುಹಾಕದೆ ಎರಡು ಪುಟ ಬರೆದು ಎಲ್ಲರಿಗಿಂತ ಮೊದಲು ಪೆನ್ನು ಮುಚ್ಚುತ್ತಿದ್ದೆ. ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ದಾಖಲೆ ತುಂಬುವವನಿಗೆ ಇದೆಲ್ಲಿಂದ ಬಂತಪ್ಪ ಎಂದು ಬೆರಗಾಗುತ್ತಿದ್ದರು. ದೇವರ ವರ ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ— ವಿನಯ ಅಂದುಕೊಂಡರು.

ಚೀಟಿ ಬರೆದು ಡಬ್ಬಿಗೆ ಹಾಕುವ ಕೆಲಸ ನನ್ನದು. ನಾನೇ ಕೇಳಿ ತೆಗೆದುಕೊಂಡದ್ದು. ತಿಂಗಳಿಗೆ ಐದೇ ವಿಷಯ. ಐದರ ಮೇಲೂ ಮನೆಯಲ್ಲಿ ಬರೆದು, ಹೊಡೆದು, ಮತ್ತೆ ಬರೆದು— ಒಂದೊಂದನ್ನು ಎಂಟು ಹತ್ತು ಸಲ ತಿದ್ದಿ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದೆ. ಹೆಂಡತಿಗೂ ಆಫೀಸಿನ ಕೆಲಸ ಎಂದೇ ಹೇಳಿದ್ದೆ. ಕಷ್ಟಪಟ್ಟು ಕಲಿತೆ ಅನ್ನುವುದಕ್ಕೆ ಅಷ್ಟೇಕೆ ನಾಚಿಕೆಯೋ— ಹೊಗಳಿಕೆಯ ರುಚಿ ಹತ್ತಿತ್ತು, ಅಷ್ಟೇ.

ನೀನು ತೆಲುಗು ಮೀಡಿಯಂನಲ್ಲಿ ಓದಿದವಳು. ಮನೆಮಾತಾದ ಕನ್ನಡವನ್ನು ತೆಲುಗು ಅಕ್ಷರದಲ್ಲೇ ಬರೆಯುತ್ತಿದ್ದೆ. ಅರ್ಧ ಗಂಟೆಗೆ ಆರು ಸಾಲು, ಅದರಲ್ಲಿ ನಾಲ್ಕು ಹೊಡೆದುಹಾಕಿದವು. ಆದರೆ ಒಂದು ಭಾನುವಾರ ‘ಬಾಗಿಲು’ ಎಂಬ ಚೀಟಿ ಬಂದಾಗ ನೀನು ಓದಿದ್ದು— ಗಂಡ ತೀರಿಕೊಂಡ ಮೇಲೂ ಅವರು ಬರುವ ಹೊತ್ತಿಗೆ ಚಿಲಕ ತೆಗೆದಿಟ್ಟು ಕೂರುವ ನಿನ್ನ ಅತ್ತೆಯ ಬಗ್ಗೆ. ಅದರ ಮುಂದೆ ನನ್ನ ಎರಡು ಪುಟ ಸಪ್ಪೆ. ಆಗಲೇ ನನಗದು ತಿಳಿಯಿತು. ಹೊಟ್ಟೆ ಉರಿಯಿತು.

ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ನೀನು ಕೇಳಿದೆ: “ಅಣ್ಣಾರ, ದಿನಾ ಬರ್ಕೊಂತ ಹೋದ್ರ ನನಗೂ ನಿಮ್ಮಂಗ ಬರತೈತೇನ್ರಿ?”

“ಇಲ್ಲವ್ವಾ ತಂಗಿ,” ಎಂದೆ. “ಇದು ರೂಢಿಯಿಂದ ಬರೂದಲ್ಲ. ಹುಟ್ಟಿನಿಂದನ ಬರಬೇಕು. ಸುಮ್ನ ಯಾಕ ತ್ರಾಸ ತಗೋತಿ?”

ನೀನು ತಲೆಯಾಡಿಸಿದೆ. ಮುಂದಿನ ತಿಂಗಳಿಂದ ಬರಲಿಲ್ಲ. ಮನೆಯಲ್ಲಿ ಕೆಲಸ ಹೆಚ್ಚಾಗಿರಬೇಕು ಎಂದು ಉಳಿದವರಿಗೆ ಹೇಳಿದವನೂ ನಾನೇ.

ಒಂಬತ್ತು ವರ್ಷದ ಮೇಲೆ, ಹೋದ ತಿಂಗಳು, ಸುಲ್ತಾನ್ ಬಜಾರಿನ ಸೀರೆ ಅಂಗಡಿಯಲ್ಲಿ ನೀನು ಸಿಕ್ಕೆ. ಜೊತೆಗೆ ಮಗಳಿದ್ದಳು. ಕಾಲೇಜಿನ ಪತ್ರಿಕೆಗೆ ಕಥೆ ಕೊಟ್ಟಿದ್ದಳಂತೆ, ವಾಪಸ್ ಬಂತಂತೆ. ನೀನು ನನ್ನನ್ನು ತೋರಿಸಿ, ನಗುತ್ತಲೇ ಅವಳಿಗೆ ಹೇಳಿದೆ: “ಬೇಕಾದ್ರ ಇವರನ್ನ ಕೇಳು. ಅದು ಹುಟ್ಟಿನಿಂದನ ಬರಬೇಕು. ನಮ್ಮ ರಕ್ತದಾಗ ಇಲ್ಲವ್ವಾ ಅದು.”

ಹುಡುಗಿ ನನ್ನ ಮುಖ ನೋಡಿದಳು. ಹಾಗೇನಿಲ್ಲ ಎಂದು ನಾನು ಹೇಳಲಿ ಅಂತ ಕಾಯುತ್ತಿದ್ದಳು— ಅದು ಕಾಣುತ್ತಲೇ ಇತ್ತು. ನಾನು ಸೀರೆಯ ಅಂಚು ಚೆನ್ನಾಗಿದೆ ಎಂದೆ.

ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಅವಳನ್ನೂ ಕೂರಿಸಿಕೋ. ಅಂಗಡಿಯಲ್ಲಿ ನುಂಗಿದ್ದನ್ನು ಇಬ್ಬರ ಮುಂದೆ ಬಾಯಿಬಿಟ್ಟು ಹೇಳುತ್ತೇನೆ. ಅವಳಿಗಿನ್ನೂ ಹೊತ್ತು ಮೀರಿಲ್ಲ. ನಿನ್ನ ಒಂಬತ್ತು ವರ್ಷವನ್ನು ಮಾತ್ರ ನಾನು ತಂದುಕೊಡಲಾರೆ.