ರಬ್ಬರಿನ ಹೊಟ್ಟೆ

ನಮ್ಮ ನರ್ಸಿಂಗ್ ಶಾಲೆಯಲ್ಲಿ ಕೈ ತೊಳೆಯುವುದನ್ನು ಬಾಯಿಯಿಂದ ಕಲಿಸುತ್ತಿದ್ದೆವು. ನಗಬೇಡಿ, ನಿಜ ಹೇಳುತ್ತಿದ್ದೇನೆ. ಹುಡುಗಿ ಗೊಂಬೆಯ ಪಕ್ಕದಲ್ಲಿ ನಿಂತು, "ಕೈ ತೊಳಕೊಂಡ್ನಿ, ಗ್ಲೌಸ್ ಹಾಕ್ಕೊಂಡ್ನಿ, ಪೇಷಂಟಿಗೆ ಧೈರ್ಯಾ ಹೇಳಿದ್ನಿ, ನಾಡಿ ನೋಡಿದ್ನಿ" ಎಂದು ಒಂದೇ ಉಸಿರಿಗೆ ಒಪ್ಪಿಸಬೇಕು. ಕೈಗೆ ಹನಿ ನೀರು ಸೋಕಿರುವುದಿಲ್ಲ. ಬಾಯಿ ಮಾತ್ರ ಒಂದು ಹಂತವನ್ನೂ ಬಿಡುವಂತಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬರುವವರಿಗೆ ಸಂಜೆಯ ಬಸ್ಸಿನ ಚಿಂತೆ, ಶಾಲೆಗೆ ಇದ್ದದ್ದು ಒಂದೇ ಗೊಂಬೆ, ಹುಡುಗಿಯರ ಸಾಲು ಬಾಗಿಲು ದಾಟಿ ಹೊರಗೆ. "ಮಾಡಿ ತೋರಸೂದು ಬ್ಯಾಡ, ಹೇಳಿಬಿಡ್ರಿ ಸಾಕು" ಎಂದು ಯಾರೋ ಎಂದೋ ಅಂದಿರಬೇಕು. ಅದೇ ಪದ್ಧತಿಯಾಗಿ ಬೇರೂರಿತು.

ಬೈಲಹೊಂಗಲದ ಆ ಶಾಲೆಯಲ್ಲಿ ನಾನು ಕಲಿತೆ, ಅಲ್ಲಿಯೇ ಕಲಿಸುವವಳೂ ಆದೆ. ನನಗೆ ಹೆರಿಗೆಯ ಪಾಠ ಹೇಳಿದವರನ್ನು ಎಲ್ಲರೂ ಅಕ್ಕೋರು ಅನ್ನುತ್ತಿದ್ದರು. ಉಳಿದ ನಾವೆಲ್ಲ ಮೇಡಂ, ಅವರೊಬ್ಬರೇ ಅಕ್ಕೋರು. ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಸೆರಗು ಬಿಗಿದು ಪಿನ್ ಹಾಕಿಕೊಂಡು ಕ್ಲಾಸಿಗೆ ಹೋಗಿ ನಿಂತರೆ ಬೆಲ್ ಆದದ್ದು ಅವರಿಗೆ ಕೇಳುತ್ತಿರಲಿಲ್ಲ. ಅದೊಂದು ಬಿಟ್ಟರೆ ಅವರಿಗೆ ಬೇರೆ ಬದುಕೇ ಇರಲಿಲ್ಲ. ಯಾರಾದರೂ ಸಲಿಗೆಯಿಂದ ಭುಜದ ಮೇಲೆ ಕೈಯಿಟ್ಟರೂ ಸರಿದು ನಿಲ್ಲುವ ಹೆಂಗಸು.

ನಾವು ಹುಡುಗಿಯರನ್ನು ಡ್ಯೂಟಿಗೆ ಕಳಿಸುತ್ತಿದ್ದ ಹೆರಿಗೆ ಆಸ್ಪತ್ರೆಯೊಂದರಲ್ಲಿ, ರಾಮದುರ್ಗದ ಕಡೆಯ ಹಳ್ಳಿಯ ಬಾಣಂತಿಯೊಬ್ಬಳು ಸತ್ತಳು. ಮೊದಲ ಹೆರಿಗೆ. ಕೂಸು ಹುಟ್ಟಿ ಅತ್ತಿತು, ಮನೆಯವರು ಪೇಡೆ ಹಂಚಿದರು. ಹೆರಿಗೆಯಾದ ಮೇಲೆ ಗರ್ಭಚೀಲ ಕುಗ್ಗಿ ಚೆಂಡಿನಂತೆ ಗಟ್ಟಿಯಾಗಬೇಕು. ಮೆತ್ತಗೆ ಉಳಿದರೆ ಒಳಗೊಳಗೇ ರಕ್ತ ಹರಿಯುತ್ತಿದೆ ಎಂದೇ ಅರ್ಥ. ಹೊಟ್ಟೆಯ ಮೇಲೆ ಕೈಯಿಟ್ಟು ನೋಡುವ ಕೆಲಸ ನಮ್ಮ ಹುಡುಗಿಯದಾಗಿತ್ತು. ಆಚೆ ಮಂಚದ ಬಳಿಯಿಂದ ಸಿಸ್ಟರ್ ಕೇಳಿದಾಗ ಅವಳು, "ಗಟ್ಟಿ ಐತ್ರಿ" ಅಂದಳು. ಕೇಳಿದಾಗಲೆಲ್ಲ ಅದನ್ನೇ ಅಂದಳು. ಹಾಸಿಗೆ ಒದ್ದೆಯಾದದ್ದು ಕಣ್ಣಿಗೆ ಬಿದ್ದು ಗಾಡಿ ತರಿಸುವಷ್ಟರಲ್ಲಿ ಕೈಮೀರಿತ್ತು. ಧಾರವಾಡದ ದೊಡ್ಡಾಸ್ಪತ್ರೆ ಮುಟ್ಟಲಿಲ್ಲ.

ಆ ಹುಡುಗಿ ಆಫೀಸಿನಲ್ಲಿ ನಿಂತು, "ನಾ ಕೈ ಇಟ್ಟಿದ್ನಿರಿ, ನಮ್ಮವ್ವನ ಆಣೆಗೂ ಇಟ್ಟಿದ್ನಿರಿ" ಎಂದು ಒಂದೇ ಸಮನೆ ಅಳುತ್ತಿದ್ದಳು. ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ. ನಮ್ಮ ಹುಡುಗಿಯರು ಮುಟ್ಟದೆಯೇ ಒಪ್ಪಿಸುತ್ತಾರೆಂಬುದು ನಮಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಅವಳ ಅಪ್ಪ ಬಂದು ಟ್ರಂಕು ಹೊತ್ತುಕೊಂಡು ಅವಳನ್ನು ಕರೆದೊಯ್ದ.

ಅದಾದ ಮೇಲೆ ಆಡಳಿತದವರಿಗೆ ಒಮ್ಮೆಲೇ ಎಚ್ಚರವಾಯಿತು. ಕಲಿಸುವವರಿಗೇ ತರಬೇತಿ ಆಗಬೇಕು ಎಂದರು. ಕಿತ್ತೂರಿನಲ್ಲಿ ಒಂದು ಹಾಲ್ ಹಿಡಿದು ಸುತ್ತಲಿನ ಶಾಲೆಗಳ ಟೀಚರುಗಳನ್ನೆಲ್ಲ ಕೂಡಿಸಿದರು. ಹುಬ್ಬಳ್ಳಿಯಿಂದ ಬಂದ ತರಬೇತುದಾರಳು ನಮ್ಮ ಮುಂದೆ ಗೊಂಬೆ ಮಲಗಿಸಿ, "ಬಾಯಿ ಮುಚ್ಚಿ ಮಾಡಿ ತೋರಸ್ರಿ" ಅಂದಳು. ಇಷ್ಟು ವರ್ಷ ನೀರು ಕುಡಿದಂತೆ ಹೇಳುತ್ತಿದ್ದ ಹಂತಗಳು ಬಾಯಿ ಮುಚ್ಚಿದೊಡನೆ ಎಲ್ಲಿಗೋ ಹಾರಿಹೋದವು. ಒಬ್ಬಾಕೆ ಗ್ಲೌಸ್ ಹಾಕಿಕೊಂಡ ಮೇಲೆ ಕೈ ತೊಳೆಯಲು ಹೋದಳು. ಯಾರೋ ಕಿಸಕ್ಕೆಂದರು. ತನ್ನ ಸರದಿ ಬರುವವರೆಗೆ ಎಲ್ಲರಿಗೂ ನಗು ಬರುತ್ತದೆ.

ನಾನು ಬಿದ್ದು ಎದ್ದು ಕಲಿತೆ. ತರಬೇತಿ ಮುಗಿದಾಗ, ನಿಮ್ಮ ಶಾಲೆಯವರ ಪರೀಕ್ಷೆ ನೀವೇ ತಗೊಳ್ರಿ ಎಂದು ಆ ಜವಾಬ್ದಾರಿ ನನ್ನ ಕೊರಳಿಗೆ ಕಟ್ಟಿದರು. ಪಾಸಾಗದವರು ಪಾಠ ಮಾಡುವಂತಿಲ್ಲ, ಹಾಸ್ಟೆಲ್ ನೋಡಿಕೊಳ್ಳಬೇಕು ಎಂದು ಪ್ರಿನ್ಸಿಪಾಲರು ಹೇಳಿದರು. ಮಂಡಿನೋವಿನ ನೆಪದಲ್ಲಿ ಅಕ್ಕೋರು ಕಿತ್ತೂರಿಗೆ ಬಂದಿರಲಿಲ್ಲ. ಅವರ ಪರೀಕ್ಷೆಯನ್ನೂ ನಾನೇ ತೆಗೆದುಕೊಳ್ಳಬೇಕಿತ್ತು.

ಅವರ ಸರದಿಯ ದಿನ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದರು. ಗೊಂಬೆಯ ಮುಂದೆ ನಿಂತು, "ಕೈ ತೊಳಕೊಂಡ್ನಿ" ಎಂದು ಶುರು ಮಾಡಿದರು.

"ಬಾಯಿಲೇ ಬ್ಯಾಡ್ರಿ ಅಕ್ಕೋರ, ಮಾಡ್ರಿ" ಅಂದೆ.

ಅವರ ಕೈ ಗಾಳಿಯಲ್ಲಿ ಎದ್ದು ಅಲ್ಲೇ ನಿಂತಿತು. ತುಟಿ ಮಾತ್ರ ಅಲ್ಲಾಡುತ್ತಿತ್ತು, ಅದರ ಹಿಂದೆ ಕೈ ತಡಕಾಡುತ್ತಿತ್ತು. ಗೊಂಬೆಯ ಮೇಲೆ ಒಮ್ಮೆ ಕೈಯಿಟ್ಟರು, ತೆಗೆದರು, ನನ್ನ ಮುಖ ನೋಡಿದರು. ಅಷ್ಟು ವರ್ಷ ಅವರ ಕಣ್ಣಿಗೆ ಹೆದರಿದವಳು ನಾನು. ಆ ನೋಟವನ್ನು ಅವರ ಮುಖದಲ್ಲಿ ಎಂದೂ ಕಂಡಿರಲಿಲ್ಲ.

"ಆಗಲಿಲ್ಲರಿ" ಅಂದೆ.

ಅವರು ಸೆರಗು ಸರಿಮಾಡಿಕೊಂಡರು. "ನಿನ್ನ ಪ್ರಾಕ್ಟಿಕಲ್ ನಾನ ತಗೊಂಡಿದ್ನೆಲಾ. ನೀನೂ ಬಾಯಿಲೇ ಹೇಳಿ ಪಾಸಾದಾಕಿ. ಕಿತ್ತೂರಿಗೆ ಹೋಗಿ ಬಂದಕೂಡಲೇ ದೊಡ್ಡಾಕಿ ಆದಿ ಏನ?"

ನನಗೆ ಮೈಯೆಲ್ಲ ಉರಿಯಿತು. ಉರಿದದ್ದು ಅವರು ಅಂದದ್ದು ನಿಜವಾಗಿದ್ದಕ್ಕೆ. "ಹೌದ್ರಿ, ಹಂಗ ಪಾಸ್ ಮಾಡಿದ್ದಕ್ಕ ಒಂದು ಕೂಸು ತಬ್ಬಲಿ ಆತು" ಅಂದುಬಿಟ್ಟೆ. ಅಷ್ಟು ಹರಿತವಾಗಿ ಅನ್ನಬಾರದಿತ್ತೋ ಏನೋ. ಅಕ್ಕೋರು ಹೊರಟುಹೋದರು. ಮರುದಿನದಿಂದ ಹಾಸ್ಟೆಲ್ಲಿನ ಅಡುಗೆಮನೆಯ ಮುಂದೆ ಕುರ್ಚಿ ಹಾಕಿಕೊಂಡು, ರೊಟ್ಟಿ ಬಡಿಯುವವರಿಗೆ, ಪಲ್ಯದಲ್ಲಿ ಎಣ್ಣೆ ಹೆಚ್ಚಾಯಿತೆಂದು ಹೇಳುತ್ತ ಕೂತರು. ಅವರ ಕ್ಲಾಸನ್ನು ನನಗೇ ಕೊಟ್ಟರು. ನಾನು ಕಪ್ಪುಹಲಗೆಯ ಮುಂದೆ ನಿಂತರೆ ಕಿಟಕಿಯಿಂದ ಆ ಕುರ್ಚಿ ಕಾಣುತ್ತಿತ್ತು. ಹಾಳಾದ ಕಿಟಕಿ, ಮುಚ್ಚೋಣವೆಂದರೆ ಸೆಕೆ.

ಒಂದು ಮಧ್ಯಾಹ್ನ ಊಟ ಮುಗಿಸಿ ಬಂದರೆ ಗೊಂಬೆಯ ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಅಕ್ಕೋರು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು, ತುಟಿ ಅಲ್ಲಾಡದಿರಲೆಂದು. ಬಾಯಿಗೆ ಹಾಗೆ ಬೀಗ ಹಾಕಿಕೊಂಡು, ಕೈ ತೊಳೆದು, ಒರೆಸಿ, ಗ್ಲೌಸ್ ಎಳೆದುಕೊಂಡು, ಗೊಂಬೆಯ ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ಮುಗಿದೊಡನೆ ಮತ್ತೆ ಮೊದಲಿನಿಂದ. ನಾನು ಸಪ್ಪಳ ಮಾಡದೆ ಹಿಂದೆ ಸರಿದೆ. ವರಾಂಡದಲ್ಲಿ ನಿಂತು ಅತ್ತೆ.

ಬೇಸಿಗೆ ರಜೆಯ ಹೊತ್ತಿಗೆ ಅವರೇ ಬಂದು, "ಇನ್ನೊಮ್ಮೆ ನೋಡು ನನ್ನ" ಅಂದರು.

ಈ ಸಲ ಒಂದು ಹಂತವೂ ತಪ್ಪಲಿಲ್ಲ. ಕೈಗಳು ತಮ್ಮಷ್ಟಕ್ಕೆ ನಡೆದವು. ಕೊನೆಗೆ ನಾನು ಕೇಳಲೇಬೇಕಾದ ಪ್ರಶ್ನೆ ಕೇಳಿದೆ. "ಹೊಟ್ಟಿ ಹೆಂಗೈತ್ರಿ?"

"ಗಟ್ಟಿ ಐತಿ."

"ಪಾಸಾದ್ರಿ ಅಕ್ಕೋರ" ಅಂದೆ. ಅವರು ನಗಲಿಲ್ಲ. ಗೊಂಬೆಯ ಹೊಟ್ಟೆಯ ಮೇಲಿಟ್ಟ ಕೈಯನ್ನೂ ತೆಗೆಯಲಿಲ್ಲ. ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು.

"ಇದು ಎಂದರ ಮೆತ್ತಗ ಆಗೇತೇನ?" ಎಂದು ಕೇಳಿದರು.

"ಯಾವುದ್ರಿ?" ಅಂದೆ.

"ರಬ್ಬರ್ ಐತಿ. ನಾ ಬಂದಾಗಿಂದ ಗಟ್ಟಿನ ಐತಿ. ಎಲ್ಲಾ ಹುಡುಗ್ಯಾರೂ ಇದನ್ನ ಮುಟ್ಟಿ ಗಟ್ಟಿ ಐತಿ ಅಂದಾರ, ನಾವು ಮಾರ್ಕ್ಸ್ ಹಾಕೇವಿ. ಮೆತ್ತಗಿದ್ರ ಕೈಗೆ ಹೆಂಗ ಹತ್ತತೈತಿ ಅಂತ ಆ ಹುಡುಗಿಗೆ ಯಾರು ಕಲಿಸ್ಯಾರ?" ಮಾತು ನಿಲ್ಲಿಸಿ ಕುರ್ಚಿಗೆ ಕುಸಿದರು. "ಅಕಿ ಕೈ ಇಟ್ಟಿದ್ಲು. ಸುಳ್ಳ ಹೇಳಿರಲಿಲ್ಲ."

ಕಿತ್ತೂರಿನಲ್ಲಿ ಇದ್ದದ್ದೂ ಇಂಥದೇ ಗೊಂಬೆ. ಅಲ್ಲಿಯೂ ನಾವು ಮುಟ್ಟಿದ್ದೆಲ್ಲ ಗಟ್ಟಿಯಾಗಿಯೇ ಇತ್ತು.

ಹುಡುಗಿಯನ್ನು ಮರಳಿ ಕರೆಸಬೇಕು ಎಂದು ಅಕ್ಕೋರು ಹಟ ಹಿಡಿದರು. ನಾನೇ ಫೋನ್ ಮಾಡಿದೆ. ಅವಳ ಅಪ್ಪ ಎತ್ತಿದ. "ಲಗ್ನ ಮಾಡಿ ಕೊಟ್ಟೇವ್ರಿ. ಗಂಡನ ಮನ್ಯಾವರಿಗೆ ಅಕಿ ನರ್ಸಿಂಗ್ ಕಲಿತದ್ದ ಹೇಳಿಲ್ಲ. ಮತ್ತ ಫೋನ್ ಮಾಡಬ್ಯಾಡ್ರಿ" ಎಂದು ಇಟ್ಟುಬಿಟ್ಟ. ಅಕ್ಕೋರಿಗೆ ಹೇಳಿದೆ. ಅವರು ತಲೆಯಾಡಿಸಿದರು, ಆ ದಿನ ಊಟ ಮಾಡಲಿಲ್ಲ.

ಶಾಲೆ ಮತ್ತೆ ಶುರುವಾದಾಗ ಅವರ ಕ್ಲಾಸನ್ನು ಅವರಿಗೇ ಕೊಟ್ಟರು. ಮೊದಲ ದಿನ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅಕ್ಕೋರು ಕಪ್ಪುಹಲಗೆಯ ಕಡೆ ಹೋಗಲಿಲ್ಲ. ಗೊಂಬೆಯನ್ನು ಎತ್ತಿ ಕೆಳಗಿಡಿಸಿದರು. ಬಾಗಿಲಿಗೆ ಚಿಲಕ ಹಾಕಿಸಿ, ಮಂಚ ಹತ್ತಿ ಅಂಗಾತ ಮಲಗಿದರು. ಪಿನ್ ತೆಗೆದು, ಸೀರೆ ಸಡಿಲಿಸಿ, ಹೊಟ್ಟೆ ತೆರೆದರು. ಭುಜ ಮುಟ್ಟಿದರೂ ಸರಿಯುತ್ತಿದ್ದ ಹೆಂಗಸು. ಹುಡುಗಿಯರು ತಲೆ ತಗ್ಗಿಸಿದರು.

"ನಾಚಬ್ಯಾಡ್ರಿ, ಬರ್ರಿ" ಅಂದರು. "ನಂದು ಗರ್ಭಚೀಲ ತೆಗದು ಭಾಳ ವರ್ಷ ಆತು. ಒಳಗ ಏನೂ ಇಲ್ಲ. ಬಾಣಂತಿ ಹೊಟ್ಟಿ ಹಿಂಗ ಮೆತ್ತಗ ಕೈಗೆ ಹತ್ತಿದ್ರ ಅಕಿ ಹೋಗಾಕತ್ತಾಳ ಅಂತ ತಿಳೀರಿ."

ಒಬ್ಬೊಬ್ಬರೇ ಬಂದು ಕೈಯಿಟ್ಟರು. ಹೊಲಿಗೆಯ ಹಳೆಯ ಗೆರೆಯ ಮೇಲೆ ಬೆರಳು ತಾಗಿದಾಗಲೆಲ್ಲ ಅವರ ಕಣ್ಣು ಬಿಗಿಯಾಗಿ ಮುಚ್ಚುತ್ತಿತ್ತು. ಎಲ್ಲರದಾದ ಮೇಲೆ ನನ್ನ ಹೆಸರು ಹಿಡಿದು ಕರೆದರು. "ನೀನೂ ಇಡು ಬಾ. ನಿನಗೂ ಗಟ್ಟಿದಷ್ಟ ಕಲಿಸೇನಿ."

ಇಟ್ಟೆ. ಬೆಚ್ಚಗಿತ್ತು, ನಾದಿದ ಹಿಟ್ಟಿನಂತೆ ಕೈ ಒಳಗಿಳಿಯಿತು. ಆ ಬಾಣಂತಿಯ ಹೊಟ್ಟೆ ಹೀಗೇ ಇದ್ದಿರಬೇಕು. ನನಗೆ ಬೇಗ ಕೈ ತೆಗೆಯಲಾಗಲಿಲ್ಲ.

ಆಮೇಲೆ ಅಕ್ಕೋರು ಮುಂದಿನ ಸಾಲಿನ ಸಣ್ಣ ಹುಡುಗಿಯನ್ನು ಮತ್ತೆ ಕರೆದು, "ಹೊಟ್ಟಿ ಹೆಂಗೈತಿ?" ಎಂದು ಕೇಳಿದರು.

"ಮೆತ್ತಗೈತ್ರಿ" ಎಂದು ಅವಳು ಪಿಸುಗುಟ್ಟಿದಳು.

"ಹಂಗಲ್ಲ. ಆಚಿ ವಾರ್ಡಿನ್ಯಾಗ ಡಾಕ್ಟರ್ ಅದಾರ ಅಂತ ತಿಳಿ. ಅವರಿಗೆ ಕೇಳಸಬೇಕು. ಕೂಗು."

ಹುಡುಗಿ ನನ್ನತ್ತ ನೋಡಿದಳು, ಗೆಳತಿಯರತ್ತ ನೋಡಿದಳು. ಕೊನೆಗೆ ಕಣ್ಣು ಮುಚ್ಚಿ ಕೂಗಿದಳು. ಗೋಡೆಯಾಚೆ ಆಫೀಸಿನಲ್ಲಿ ಕುರ್ಚಿ ಸರಿದ ಸದ್ದಾಯಿತು, ಯಾರೋ ಓಡಿ ಬಂದು ಬಾಗಿಲು ಬಡಿದರು.

ಅಕ್ಕೋರು ಮಲಗಿದಲ್ಲಿಂದ ಏಳಲಿಲ್ಲ. ಸೂರನ್ನೇ ನೋಡುತ್ತ, "ತಡಾ ಮಾಡಿದಿ" ಅಂದರು. "ನಾ ಸತ್ತೆ. ಇನ್ನೊಮ್ಮೆ ಕೈ ಇಡು."