ಮಿಲ್ಲಿನ ಅಂಗಳದ ಹಾಯಿದೋಣಿ

ನನ್ನ ಸೋದರಮಾವನ ಬಲಗಿವಿ ಎಡಗಿವಿಗಿಂತ ತುಸು ಮುಂದಕ್ಕೆ ಬಾಗಿತ್ತು. ಬೇರೆಯವರು ಬೀಡಿಯನ್ನೋ ಪೆನ್ಸಿಲನ್ನೋ ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಅವರು ಕರೆಂಟ್ ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದರು. ಮದುವೆಮನೆಗೆ ಹೋದರೂ ಅದು ಅಲ್ಲೇ. ಒಮ್ಮೆ ಬೀಗರೂಟದ ಪಂಕ್ತಿಯಲ್ಲಿ ಫ್ಯಾನ್ ನಿಂತಾಗ ಎಲೆಯ ಮುಂದಿನಿಂದ ಎದ್ದು, ಎಡಗೈಯಲ್ಲೇ ಸ್ವಿಚ್ ಬೋರ್ಡ್ ಬಿಚ್ಚಿ ಸರಿಮಾಡಿ, ಮತ್ತೆ ಬಂದು ಹೋಳಿಗೆಗೆ ಕೂತ ಮನುಷ್ಯ.

ಚಳ್ಳಕೆರೆಯಲ್ಲಿ ಅವರದೊಂದು ಶೇಂಗಾ ಎಣ್ಣೆಯ ಮಿಲ್ಲಿತ್ತು. ಅದನ್ನು ನಿಲ್ಲಿಸಿದ ಮೇಲೆ ಗೋಡೌನು ಬಾಡಿಗೆಗೆ ಹೋಯಿತು, ಅಂಗಳ ಖಾಲಿ ಉಳಿಯಿತು, ಮಾವನ ಕೈಗೆ ಕೆಲಸವಿಲ್ಲದಾಯಿತು. ಮನೆಯ ಮಿಕ್ಸಿಯನ್ನು ಸುಮ್ಮಸುಮ್ಮನೆ ಬಿಚ್ಚಿ ಜೋಡಿಸುತ್ತಿದ್ದರು. ಅತ್ತೆ ಅದನ್ನು ಬೀರುವಿನಲ್ಲಿ ಬಚ್ಚಿಟ್ಟರು. ಇಂಥ ದಿನಗಳಲ್ಲಿ ಯಾರದೋ ಮದುವೆಗೆಂದು ಗೋವಾಕ್ಕೆ ಹೋದವರು ವಾಪಸು ಬರುವಾಗ ಹಿಂದೆ ಒಂದು ಲಾರಿ ಕರೆತಂದರು. ಲಾರಿಯ ಮೇಲೆ ಒಂದು ಹಳೆಯ ಹಾಯಿದೋಣಿ. ಮಿನಿಬಸ್ಸಿನಷ್ಟು ಉದ್ದ, ಬಣ್ಣ ಹಾರಿದ ಫೈಬರ್ ಮೈ, ಮಲಗಿಸಿ ಕಟ್ಟಿದ ಹಾಯಿಕಂಬ. ಒಳಗೆ ಎರಡು ಮಂಚ, ಗೇಣಗಲದ ಅಡುಗೆಕಟ್ಟೆ, ಮೈ ತಿರುಗಿಸಲಾಗದಷ್ಟು ಪುಟ್ಟ ಪಾಯಿಖಾನೆ.

ಬೀದಿಯೆಲ್ಲ ನೆರೆಯಿತು. ಎದುರಿನ ಗುಜರಿ ಅಂಗಡಿಯವರು ಕೇಳಿದರು, "ಸಾವ್ಕಾರ್ರೇ, ಚಳ್ಳಕೆರೆಗೆ ಸಮುದ್ರ ಯಾವಾಗ ಬರ್ತೈತ್ರೀ?"

"ಬರೋದೇನು ಬಂತು? ದೇವಸಮುದ್ರ ಇಲ್ಲೇ ಐತಲ್ಲಪ್ಪ, ಬಸ್ಸು ಹತ್ತಿದ್ರೆ ಮುಗೀತು."

ಮೊಳಕಾಲ್ಮುರಿನ ಆಚೆಯ ಆ ಊರಿನಲ್ಲಿ ಕುರಿಗಳಿವೆ, ಒಣ ಹೊಲಗಳಿವೆ, ಸಮುದ್ರವಿರುವುದು ಹೆಸರಿನಲ್ಲಿ ಮಾತ್ರ. ಎಲ್ಲರೂ ನಕ್ಕರು. ಮಾವನ ಲೆಕ್ಕ ಬೇರೆಯೇ ಇತ್ತು. ಆ ವರ್ಷ ಮಾರಿಕಣಿವೆಯ ಅಣೆಕಟ್ಟು ತುಂಬಿತ್ತು. ಅಲ್ಲಿ ದೋಣಿ ಬಿಡಲು ಒಪ್ಪಿಗೆ ಪಡೆಯುವ ದಾರಿಯನ್ನೂ ಅವರು ವಿಚಾರಿಸಿಕೊಂಡು ಬಂದಿದ್ದರು.

ನಗದೆ ನಿಂತವರು ಅತ್ತೆ ಒಬ್ಬರೇ. ಅವರು ಮೊಳಕಾಲ್ಮುರಿನ ಹೆಣ್ಣುಮಗಳು, ಸಿಟ್ಟು ಬಂದಾಗ ತೆಲುಗು ಬೆರೆಸುತ್ತಿದ್ದರು. "ಏಮಂಡೀ ಕ್ಯಾಪ್ಟನ್‌ಗಾರೂ, ಒಂದ್ ಮಾತು ಕೇಳ್ರಿ. ಇದನ್ನ ನೀರಿಗಿಳಿಸಿದ ಮೊದಲ್ನೇ ದಿನ ಒಳಗೆ ನೀರು ಬಂತೋ, ಸೀದಾ ಎದುರಿನ ಗುಜರಿಗೆ. ಆಮ್ಯಾಲೆ ದೋಣಿ ಅಂತ ಬಾಯಿ ಬಿಡಂಗಿಲ್ಲ."

"ಆಯ್ತು ಕಣೇ, ಮಾತು ಕೊಟ್ಟೆ" ಎಂದರು ಮಾವ. ಆಡಿದ ಮಾತಿಗೆ ತಪ್ಪುವ ಜನ ಅವರಲ್ಲ, ಅದೇ ನನಗೆ ದಿಗಿಲು. ಮಿಲ್ಲು ನಿಂತ ಮೇಲೆ ಬಿಸಿಲೇರುವ ತನಕ ಹಾಸಿಗೆ ಬಿಡದಿದ್ದ ಮನುಷ್ಯ, ದೋಣಿ ಬಂದ ಮರುದಿನ ಬೆಳಕು ಹರಿಯುವ ಮುಂಚೆ ಎದ್ದು ಏಣಿ ಹುಡುಕುತ್ತಿದ್ದರು.

ಆಗ ನಾನು ಹತ್ತಿರದ ತಳಕು ಊರಿನ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. "ನಿನ್ನ ಅಕ್ಷರ ಚೆನ್ನಾಗೈತೆ, ವೈರು ಪೈಪಿಗೆಲ್ಲ ಚೀಟಿ ಬರಿಯೋಕೆ ಬಾರವ್ವ" ಎಂದು ಕರೆದರು. ಭಾನುವಾರಗಳಲ್ಲಿ ಬಸ್ಸು ಹತ್ತಿ ಹೋಗತೊಡಗಿದೆ.

ಮೊದಲ ದಿನವೇ ಪಾಠ ಶುರುವಾಯಿತು. ದೋಣಿಯ ಬ್ಯಾಟರಿಗೆ ಮಾವ ಟೆಸ್ಟರ್ ಮುಟ್ಟಿಸಿದರು. ಉರಿಯಲಿಲ್ಲ. "ಸತ್ತೋಗೈತೆ ಬಿಡು" ಎಂದು ಕೈಯಲ್ಲಿದ್ದ ಸ್ಪ್ಯಾನರನ್ನು ಅದರ ಮೇಲೇ ಇಟ್ಟರು. ಅದು ಎರಡೂ ತುದಿಗೆ ತಾಗಿದ್ದೇ ತಡ, ಫಳ್ಳೆಂದು ಮಿಂಚಿ ಸ್ಪ್ಯಾನರು ಅಲ್ಲೇ ಅಂಟಿಕೊಂಡಿತು. ಕಟ್ಟಿಗೆಯಲ್ಲಿ ಹೊಡೆದು ಬಿಡಿಸಿ, ಸುಟ್ಟ ಮೀಸೆಯ ತುದಿಯನ್ನು ಮುಟ್ಟಿ ನೋಡಿಕೊಂಡು ಮಾವ ನಕ್ಕರು. "ಇದು ನಮ್ಮ ಬೀದಿ ಕರೆಂಟಲ್ಲ ಕಣವ್ವ. ಬಡಿದು ಹೇಳ್ತು ನೋಡು, ನನ್ನ ಭಾಷೆನೇ ಬೇರೆ ಅಂತ."

ಬ್ಯಾಟರಿಯ ಸಣ್ಣ ಕರೆಂಟಿಗೆ ಆ ಟೆಸ್ಟರ್ ಹತ್ತುವುದೇ ಇಲ್ಲವಂತೆ. ಅಂದಿನಿಂದ ಸ್ಕೂಟರಿನ ಬಲ್ಬಿಗೆ ಎರಡು ವೈರು ಕಟ್ಟಿ ಅದರಿಂದಲೇ ಪರೀಕ್ಷೆ. ಟೆಸ್ಟರ್ ಮಾತ್ರ ಕಿವಿ ಬಿಟ್ಟು ಇಳಿಯಲಿಲ್ಲ.

ದೀಪ ಹತ್ತದಿದ್ದರೆ ನಾನು ಬಲ್ಬು ಹೋಗಿದೆ ಎನ್ನುತ್ತಿದ್ದೆ. ಅವರು ಮಂಚದ ಹಲಗೆ ಎತ್ತಿ, ಕಣ್ಣು ಮುಚ್ಚಿ, ವೈರಿನ ಮೇಲೆ ಬೆರಳು ಜಾರಿಸುತ್ತ ಹೋಗುತ್ತಿದ್ದರು. "ಬ್ಯಾಟರಿಯಿಂದ ಹೊರಟಿದ್ದು ಬ್ಯಾಟರಿಗೇ ವಾಪಸ್ ಬರಬೇಕು. ಹೋಗೋ ದಾರಿ ಎಲ್ರೂ ನೋಡ್ತಾರೆ. ಬರೋ ದಾರಿ ಯಾರು ನೋಡ್ತಾರೆ?" ಉಪ್ಪುಗಾಳಿಗೆ ಹಸಿರು ತಿರುಗಿದ ತಾಮ್ರದ ಕೀಲು ಹೆಚ್ಚಾಗಿ ಆ ಬರುವ ದಾರಿಯಲ್ಲೇ ಸಿಗುತ್ತಿತ್ತು.

ನೀರಿನ ಸಂಗತಿ ಇನ್ನೂ ಸೋಜಿಗದ್ದು. ತೊಟ್ಟಿಯಲ್ಲಿ ತುಂಬಿದ ನೀರು ಒಂದು, ಬಳಸಿ ಚೆಲ್ಲುವ ನೀರು ಇನ್ನೊಂದು. ಮೂರನೆಯದು ಪಾಯಿಖಾನೆಗೆಂದು ದೋಣಿಯ ತಳದ ತೂತಿನಿಂದಲೇ ಒಳಗೆ ಬರುವಂಥದ್ದು.

"ತೇಲೋ ದೋಣಿಗೆ ಯಾರಾದ್ರೂ ತೂತು ಕೊರೀತಾರಾ ಮಾವ?"

"ಕೊರೀತಾರೆ. ಅದಕ್ಕೊಂದು ವಾಲ್ವೂ ಇಡ್ತಾರೆ. ಅದು ಎಲ್ಲೈತೆ ಅಂತ ಗೊತ್ತಿರಬೇಕು, ಅಷ್ಟೇ. ಹೂಂ, ಹೆಸರು ಬರಿ."

ಪೈಪುಗಳಿಗೆ ಕಟ್ಟುವ ಚೀಟಿಗಳ ಮೇಲೆ ನಾನು 'ನಮ್ಮ ನೀರು', 'ಹೋಗುವ ನೀರು', 'ಹೊರಗಿನ ನೀರು' ಎಂದು ಬರೆದೆ. ಮಾವ ಓದಿ ಓದಿ ಹಿಗ್ಗಿದರು. "ಕನ್ನಡ ಟೀಚರು ಪ್ಲಂಬರಾದ್ರೆ ಹಿಂಗಿರಬೇಕು!"

ಕೆಲಸ ಒಮ್ಮೆ ನಿಂತೇ ಹೋಯಿತು. ಕಂಬದ ದೀಪಕ್ಕೆ ಹೋಗುವ ವೈರು ದೋಣಿಯ ಒಳಗೋಡೆಯ ಹಿಂದೆ, ಕೈಹೋಗದ ಕಡೆ ಇತ್ತು. ಗೋಡೆ ಒಡೆಯುವುದೇ ಸರಿ ಎಂದು ಮಾವ ಉಳಿ ತಂದರು. ಚಹಾ ತಂದ ಅತ್ತೆ ಏಣಿಯ ಮೇಲಿಂದಲೇ ಇಣುಕಿದರು.

"ಅದನ್ಯಾಕ್ರೀ ಒಡೀತೀರಾ? ನಮ್ಮೂರ ನೇಕಾರರು ಹೊಸ ನೂಲಿನ ಹಾಸು ಹೂಡೋವಾಗ ಮಗ್ಗ ಒಡೀತಾರಾ? ಹಳೇ ಎಳೆ ತುದಿಗೆ ಹೊಸ ಎಳೆ ಹೊಸೆದು ಕೆಚ್ಚಿ ಎಳೀತಾರೆ. ಹಳೇದೇ ಹೊಸದಕ್ಕೆ ದಾರಿ ತೋರಿಸ್ತೈತೆ."

ಮಾವ ಉಳಿ ಕೆಳಗಿಟ್ಟರು. ಅತ್ತೆಯೇ ಸೆರಗು ಬಿಗಿದು ಒಳಗಿಳಿದು ಹಳೆಯ ವೈರಿನ ತುದಿಗೆ ಹೊಸದನ್ನು ಹೊಸೆದು ಕೊಟ್ಟರು. ನಾನು ಆ ತುದಿಯಲ್ಲಿ ಎಳೆದೆ. ಹಳೆಯದು ಧೂಳು ಉದುರಿಸುತ್ತ ಹೊರಬಂತು, ಅದರ ಹಿಂದೆಯೇ ಹೊಸ ಕೆಂಪು ವೈರು. "ಬಂತು ಕಣೇ!" ಎಂದು ಮಾವ ಕೂಗಿದ್ದಕ್ಕೆ ದೋಣಿಯ ನೆರಳಿನಲ್ಲಿ ಮಲಗಿದ್ದ ಕುರಿಗಳು ಎದ್ದು ಓಡಿದವು.

ನೀರಿಗಿಳಿಸುವ ದಿನ ಬಂತು. ಹಿಂದಿನ ಸಂಜೆ ಮಿಲ್ಲಿನ ಬೋರಿನಿಂದಲೇ ತೊಟ್ಟಿ ತುಂಬಿದೆವು. ಅತ್ತೆ ಒಳಗೆಲ್ಲ ಒರೆಸಿ, ಅರಿಶಿನ ಕುಂಕುಮ ಇಟ್ಟರು. ಬೆಳಿಗ್ಗೆ ಲಾರಿ ಹೊರಟಿತು. ಮಾರಿಕಣಿವೆಯ ದಡದಲ್ಲಿ ಕ್ರೇನು ದೋಣಿಯನ್ನು ಎತ್ತಿ ನೀರಿಗಿಟ್ಟಾಗ ಅದು ಬಾತುಕೋಳಿಯಂತೆ ಒಮ್ಮೆ ಮೈ ಕೊಡವಿ ನಿಂತಿತು. ಮಾವ ಹಾರಿ ಹತ್ತಿ ಮೇನ್ ಸ್ವಿಚ್ ಹಾಕಿದರು. ಕಂಬದ ದೀಪ ಹಗಲಿನಲ್ಲೇ ಮಿನುಗಿತು. ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ಎಲ್ಲರೂ ಸೇರಿ ಕಂಬ ಎತ್ತಿ ನಿಲ್ಲಿಸಿ, ಹಗ್ಗ ಬಿಗಿದು, ಹಾಯಿ ಕಟ್ಟಿದೆವು. ಕ್ರೇನಿನ ಗದ್ದಲದಲ್ಲಿ ಬೇರೇನೂ ಕೇಳುವಂತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಒಪ್ಪಿಗೆಯ ಕಾಗದ ತರಲೆಂದು ಒಳಗಿಳಿದ ನನ್ನ ಪಾದ ಒದ್ದೆಯಾಯಿತು. ಹಲಗೆ ಎತ್ತಿದರೆ ತಳದಲ್ಲಿ ನೀರು ತುಳುಕುತ್ತಿತ್ತು.

"ಮಾವ..." ಎಂದೆ. ನನ್ನ ದನಿಗೇ ಅವರಿಗೆ ತಿಳಿಯಿತು. ದಡದಲ್ಲಿದ್ದ ಅತ್ತೆಗೂ. ಕ್ರೇನಿನವನು "ಸೋರ್ತೈತಾ? ಮತ್ತೆ ಎತ್ತಲಾ?" ಎಂದು ಕೂಗಿದ. ಮಾವ ಕೈಯಲ್ಲಿದ್ದ ಹಗ್ಗ ಬಿಟ್ಟರು. ಕೆಳಗಿಳಿದು ಮೊಣಕಾಲೂರಿ ಆ ನೀರನ್ನೇ ನೋಡುತ್ತ ಕೂತರು. ಅಷ್ಟು ವಯಸ್ಸಾದವರಂತೆ ಅವರು ನನಗೆ ಎಂದೂ ಕಂಡಿರಲಿಲ್ಲ. ಆಮೇಲೆ ಏನನ್ನಿಸಿತೋ, ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಎದ್ದು ಮೇಲೆ ಹೋಗಿ ಕೆರೆಯ ನೀರನ್ನು ಬೊಗಸೆಯಲ್ಲಿ ತೆಗೆದು ಕುಡಿದರು. ಮತ್ತೆ ಕೆಳಗೆ ಬಂದು ಇನ್ನೊಮ್ಮೆ ಬೆರಳು ಅದ್ದಿದರು.

"ನೀನೂ ನೋಡವ್ವ."

ನೋಡಿದೆ. ಬೇಳೆ ಬೇಯದ ನಮ್ಮ ಚಳ್ಳಕೆರೆ ಬೋರಿನ ನೀರು ಯಾರಿಗೆ ಗೊತ್ತಾಗುವುದಿಲ್ಲ? "ಸವಳು ಮಾವ!"

"ಸವಳೇ! ಕೆರೆ ನೀರು ಸಿಹಿ ಐತೆ. ಇದು ಹೊರಗಿಂದು ಅಲ್ವೇ ಅಲ್ಲ ಕಣೇ!" ಎಂದು ದಡಕ್ಕೆ ಕೇಳುವಂತೆ ಕೂಗಿದರು. ಅಡುಗೆಕಟ್ಟೆಯ ನಲ್ಲಿ ಪೂರಾ ತೆರೆದಿತ್ತು. ತೊಟ್ಟಿ ಬರಿದಾಗಿ, ಮೇನ್ ಸ್ವಿಚ್ ಹಾಕಿದಾಗಲೇ ಓಡತೊಡಗಿದ್ದ ಪುಟ್ಟ ಪಂಪು ಸುಮ್ಮನೆ ಏದುಸಿರು ಬಿಡುತ್ತಿತ್ತು. ಲಾರಿಯ ಕುಲುಕಾಟಕ್ಕೆ ಕಟ್ಟೆಯ ಕೆಳಗೆ ಹೋಗುವ ನೀರಿನ ಪೈಪಿನ ಕೀಲು ಬಿಟ್ಟು, ಸುರಿದ ನೀರೆಲ್ಲ ತಳ ಸೇರಿತ್ತು.

ನಲ್ಲಿಯ ಮಾತು ಕೇಳಿ ದಡದಲ್ಲಿದ್ದ ಅತ್ತೆ ಕೆನ್ನೆಗೆ ಕೈ ಕೊಟ್ಟರು. "ಅಯ್ಯೋ, ನಾನೇ ಕಣ್ರೀ! ಸಂಜೆ ಒರೆಸೋವಾಗ ತಿರುಗಿಸಿದೆ, ನೀರು ಬರ್ಲಿಲ್ಲ. ಬಂದಾಗ ಗೊತ್ತಾಗ್ಲಿ ಅಂತ ಬಿಟ್ಟೆ." ನಮ್ಮ ಕಡೆ ಯಾರು ತಾನೇ ಬೇರೆ ಮಾಡುತ್ತಾರೆ? ನೀರು ಬಾರದ ನಲ್ಲಿಯನ್ನು ತೆರೆದಿಟ್ಟು, ಕೊಡದ ಸದ್ದಿಗೆ ಕಿವಿಗೊಟ್ಟು ಬೆಳೆದವರು ನಾವು. ಸ್ವಿಚ್ ಹಾಕಿದರೆ ಮಾತ್ರ ಬರುವ ನೀರು ಅತ್ತೆಗೆ ಹೇಗೆ ಗೊತ್ತು?

ಮಾವನ ನಗು ತಟ್ಟನೆ ನಿಂತಿತು. "ಆದ್ರೂ ಮಾತು ಮಾತೇ ಕಣೇ. ಮೊದಲ್ನೇ ದಿನ ಒಳಗೆ ನೀರು ಬಂದಿದ್ದು ನಿಜ."

ಅತ್ತೆ ಸೊಂಟಕ್ಕೆ ಕೈಯಿಟ್ಟು ಗದರಿಸಿದರು. "ಬಂದಿದ್ದು ಯಾವ ನೀರ್ರೀ? ನಮ್ಮನೆ ನೀರು! ನಮ್ಮ ನೀರು ನಮ್ಮನೆಗೆ ಬಂದ್ರೆ ಅದನ್ಯಾಕೆ ಲೆಕ್ಕಕ್ಕೆ ಹಿಡೀತೀರಾ? ಬಕೀಟು ತಗೊಳ್ರಿ, ಎತ್ತಿ ಹಾಕ್ರಿ!"

ಅಂದು ಮಧ್ಯಾಹ್ನ ಹಾಯಿ ಗಾಳಿ ಹಿಡಿಯಿತು. ಮೂವರೂ ದೋಣಿಯಲ್ಲಿದ್ದೆವು. ಮೋಟಾರಿಲ್ಲದೆ, ಸದ್ದಿಲ್ಲದೆ ದಡ ಹಿಂದೆ ಸರಿಯುವುದನ್ನು ನೋಡುತ್ತ ಮಾವ ಮಗುವಿನಂತೆ ಬಾಯಿ ತೆರೆದು ಕೂತಿದ್ದರು.

ಆಮೇಲೆ ಕೆಲವು ವರ್ಷ ಅವರು ಆ ನೀರಿನ ಮೇಲೆ ಸುಖವಾಗಿದ್ದರು. ಕಳೆದ ಚಳಿಗಾಲದಲ್ಲಿ, ಊಟ ಮಾಡಿ ಅಂಗಳದಲ್ಲಿ ಒರಗಿದವರು ಏಳಲಿಲ್ಲ. ತಿಥಿ ಮುಗಿದ ಮೇಲೆ ನೆಂಟರು ದೋಣಿ ಮಾರಿಬಿಡಿ ಎಂದರು. ಅತ್ತೆ ನನಗೆ ಫೋನು ಮಾಡಿ, "ದೋಣಿ ಒಳಗಿನ ದೀಪ ಹತ್ತಂಗಿಲ್ಲವಂತೆ. ಭಾನುವಾರ ಬರ್ತೀಯಾ?" ಎಂದು ಮಾತ್ರ ಕೇಳಿದರು.

ಹೋದೆ. ಮಾವನಿಲ್ಲದ ದೋಣಿಗೆ ಒಬ್ಬಳೇ ಇಳಿದದ್ದು ಅದೇ ಮೊದಲು. ಮಂಚದ ಹಲಗೆ ಎತ್ತಿ ಕೂತು, ವೈರಿನ ಮೇಲೆ ಬೆರಳು ಇಟ್ಟು ನಿಧಾನವಾಗಿ ಹೋದೆ. ಒಂದು ಕೀಲು ಸಿಕ್ಕಿತು. ಉಜ್ಜಿದೆ, ಬಿಗಿದೆ. ಒಂದು ಕಾಲಕ್ಕೆ ಫ್ಯೂಸ್ ಹಾಕಲೂ ಹೆದರುತ್ತಿದ್ದ ಕನ್ನಡ ಟೀಚರ ತಲೆಯ ಮೇಲೆ ದೀಪ ಹತ್ತಿಕೊಂಡಿತು.

ದಡದಿಂದ ಅತ್ತೆ ಕೂಗಿದರು. "ಆತೇನೇ?"

"ಆತು ಅತ್ತೆ!"

"ಹಂಗಾದ್ರೆ ಜಾಗ ಬಿಡು, ನಾನೂ ಹತ್ತೀನಿ. ಗಾಳಿ ಏಳ್ತೈತೆ."